ಸ್ಪ್ರಿಂಗ್ ಗಾಡಿ, ಮೂರನೇ ವಾರ: ಆ ಮೈನಸ್ ಎಲ್ಲಿಂದ ಬಂತು?

ಕಲಬುರಗಿ ಬಿಸಿಲಿಗೆ ಮಧ್ಯಾಹ್ನ ಮಾಳಿಗೆ ಮೇಲೆ ಕಾಲಿಡಲು ಆಗುವುದಿಲ್ಲ. ಹಾಗಾಗಿ ಸ್ಪ್ರಿಂಗಿಗೆ ಕಟ್ಟಿದ ಪುಟ್ಟ ಗಾಡಿಯ ಕೆಲಸ ಎಲ್ಲ ಸಂಜೆ ಆರರ ಮೇಲೆ.

ಮೊದಲು ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ನೋಡಿದೆ. ಗಂಜ್‌ನಿಂದ ತಂದ ಅರ್ಧ ಕೆಜಿ ತೊಗರಿಬೇಳೆ ಪಾಕೀಟು ನೇತುಹಾಕಿದೆ. ಎರಡೂವರೆ ಸೆಂಟಿಮೀಟರ್ ಇಳಿಯಿತು. ಎರಡು ಪಾಕೀಟಿಗೆ ಐದು. ಎಳೆತ ಎಷ್ಟೋ ಬಲವೂ ಅಷ್ಟೇ ಅಂತ ರಾಬರ್ಟ್ ಹುಕ್ 1678ರಲ್ಲಿ ಅಚ್ಚು ಹಾಕಿಸಿದ ಮಾತು ಕಣ್ಣೆದುರೇ ತೂಗಾಡುತ್ತಿತ್ತು. ಲೆಕ್ಕ ಹಾಕಿದರೆ ಮೀಟರ್‌ಗೆ ಸುಮಾರು 200 ನ್ಯೂಟನ್. ಇದೇ ಸ್ಪ್ರಿಂಗಿನ ಗಟ್ಟಿತನ, ಸೂತ್ರದಲ್ಲಿ ‘ಕೆ’.

ತೊಂದರೆ ಶುರುವಾಗಿದ್ದು ಆಮೇಲೆ. ಗಾಡಿಯ ತೂಕ 250 ಗ್ರಾಂ. 5 ಸೆಂ.ಮೀ. ಎಳೆದು ಬಿಟ್ಟರೆ ಎಷ್ಟು ವೇಗ? ನನ್ನ ಲೆಕ್ಕದಲ್ಲಿ ಸ್ಪ್ರಿಂಗಿನ ಪ್ರಚ್ಛನ್ನ ಶಕ್ತಿ, ಅಂದರೆ ಎಳೆದಾಗ ಒಳಗೆ ಕೂಡುವ ಶಕ್ತಿ, ಮೈನಸ್ 0.25 ಜೂಲ್ ಬಂತು. ಅದರಿಂದ ವೇಗ ತೆಗೆಯಲು ಹೋದರೆ ಮೈನಸ್ ಸಂಖ್ಯೆಯ ವರ್ಗಮೂಲ! ಎರಡು ಸಂಜೆ ಇದರಲ್ಲೇ ಹೋಯಿತು.

ತಪ್ಪು ಸಿಕ್ಕಿದ್ದು ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಎಳೆದಾಗ. ನಾನು ಈ ಕಡೆ ಎಳೆದರೆ ಅದು ಆ ಕಡೆ ಜಗ್ಗುತ್ತದೆ. ಬಲದ ಸೂತ್ರ ‘ಮೈನಸ್ ಕೆ ಎಕ್ಸ್’ (ಎಕ್ಸ್ ಅಂದರೆ ಎಳೆದ ದೂರ); ಅದರಲ್ಲಿರುವ ಮೈನಸ್ ಅಂದರೆ ಈ ದಿಕ್ಕು, ಅಷ್ಟೇ. ಹಾಗಾಗಿ ಎಳೆಯುವಾಗ ಸ್ಪ್ರಿಂಗ್ ಮಾಡುವ ಕೆಲಸ ಮೈನಸ್, ನನ್ನ ಕೈ ಮಾಡುವ ಕೆಲಸ ಪ್ಲಸ್. ಒಳಗೆ ಕೂಡುವುದು ಕೈ ಹಾಕಿದ್ದು. ನಾನು ಸ್ಪ್ರಿಂಗಿನ ಕೆಲಸವನ್ನೇ ಶಕ್ತಿ ಅಂತ ಬರೆದುಬಿಟ್ಟಿದ್ದೆ. ಸರಿಯಾದದ್ದು ಅರ್ಧ ಕೆ ಎಕ್ಸ್ ವರ್ಗ, ಪ್ಲಸ್ 0.25.

ಹಾಗಾದರೆ ಒತ್ತಿದಾಗ? ಎಕ್ಸ್ ಮೈನಸ್ ಆಗುತ್ತದೆ, ಆದರೆ ವರ್ಗ ಮತ್ತೆ ಪ್ಲಸ್ಸೇ ಅಲ್ವಾ. ಸುಮ್ನೆ ನಂಬುವ ಬದಲು ಮಾಡಿ ನೋಡಿದೆ. ಒತ್ತುವಾಗ ಸ್ಪ್ರಿಂಗ್ ಬಿಲ್ಲಿನ ಹಾಗೆ ಬಾಗುತ್ತಿತ್ತು. ಒಳಗೆ ಸೈಕಲ್ ಕಡ್ಡಿ ತೂರಿಸಿದ ಮೇಲೆ ನೆಟ್ಟಗಾಯಿತು. ಹಲಗೆ ಮೇಲೆ, ಸ್ಪ್ರಿಂಗ್ ಸಡಿಲವಾಗಿದ್ದಾಗ ಗಾಡಿ ನಿಲ್ಲುವ ಜಾಗಕ್ಕೆ, ನಡುವಿನ ಗೆರೆ ಎಳೆದು, ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಮೊಬೈಲ್ ವಿಡಿಯೋ ತೆಗೆದೆ. ಎಳೆದು ಬಿಟ್ಟಾಗಲೂ, ಒತ್ತಿ ಬಿಟ್ಟಾಗಲೂ ಗಾಡಿ ಆ ಗೆರೆ ದಾಟುವಾಗ ಫ್ರೇಮಿಗೆ ಐದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಡಿತು. ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 1.3 ಮೀಟರ್. ಲೆಕ್ಕದಲ್ಲಿ 1.4 ಇತ್ತು. ಉಳಿದದ್ದನ್ನು ಚಕ್ರ ತಿಂದಿದೆ. ಎರಡೂ ಕಡೆಯಿಂದ ಒಂದೇ ವೇಗ ನೋಡಿ ತುಂಬಾ ಖುಷಿಯಾಯಿತು.

ಒಂದು ಮಾತು ಮಾತ್ರ ನೆನಪಿರಲಿ. ಇಲ್ಲಿ ಸೊನ್ನೆ ಇಟ್ಟಿರುವುದು ಸ್ಪ್ರಿಂಗ್ ಸಡಿಲವಾಗಿರುವ ಜಾಗದಲ್ಲಿ. ಎಳೆದ ಜಾಗದಲ್ಲೇ ಸೊನ್ನೆ ಇಟ್ಟರೆ ಸಡಿಲ ಸ್ಪ್ರಿಂಗಿನ ಶಕ್ತಿ ಮೈನಸ್ ಆಗುತ್ತದೆ. ಆದರೂ ಗಾಡಿಗೆ ಸಿಗುವುದು ಅದೇ 0.25, ಯಾಕೆಂದರೆ ಲೆಕ್ಕಕ್ಕೆ ಬರುವುದು ವ್ಯತ್ಯಾಸ.

ನಾಳೆ ಚಕ್ರಕ್ಕೆ ಎಣ್ಣೆ ಬಿಟ್ಟು, ಎಳೆತವನ್ನು ಎರಡೂವರೆ ಸೆಂಟಿಮೀಟರ್‌ಗೆ ಇಳಿಸುತ್ತೇನೆ. ಶಕ್ತಿ ಕಾಲು ಭಾಗಕ್ಕೆ ಬೀಳಬೇಕು, ವೇಗ ಅರ್ಧಕ್ಕೆ.