ಭೀಮ ಕಚ್ಚಿದ ಶನಿವಾರ

2023ರ ಗಣೇಶನ ಹಬ್ಬ ಆದ್ಮೇಲೆ ಬಂದ ಶನಿವಾರ ನಮ್ಮನೇಲಿ ಊಟಕ್ಕೆ ಕರೆದಿದ್ವಿ, ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರೋ ನಾಲ್ಕೈದು ಕನ್ನಡ ಮನೆಯವರು ಅಷ್ಟೇ. ನನ್ನ ಗೆಳೆಯನ ಅಮ್ಮ ಆಗ ತಾನೇ ಹಾಸನದಿಂದ ಬಂದಿದ್ರು, ಆರು ತಿಂಗಳು ಇರೋಕೆ ಅಂತ. ಎಪ್ಪತ್ತು ದಾಟಿದ ವಯಸ್ಸು, ಆದ್ರೆ ಕೂತಲ್ಲಿ ಕೂರೋರಲ್ಲ, ಬಂದ ಅರ್ಧ ಗಂಟೆಗೆ ನಮ್ಮ ಅಡುಗೆಮನೇಲಿ ಸೌಟು ಹಿಡ್ಕೊಂಡು ನಿಂತಿದ್ರು.

ಭೀಮ ನಮ್ಮ ನಾಯಿ, ಶೆಲ್ಟರ್‌ನಿಂದ ತಂದಿದ್ದು, ಜರ್ಮನ್ ಶೆಫರ್ಡ್ ಮಿಕ್ಸು, ಮೂವತ್ತು ಕೆಜಿ ಮೇಲಿದಾನೆ. ಎರಡು ವರ್ಷದಲ್ಲಿ ಒಬ್ಬರ ಮೇಲೂ ಗುರ್ ಅಂದೋನಲ್ಲ. ಜನ ಜಾಸ್ತಿ ಇದಾರೆ ಅಂತ ಅವನನ್ನ ಹಿತ್ತಲಲ್ಲಿ ಬಿಟ್ಟು ಅಲ್ಲೇ ಊಟ ಹಾಕಿದ್ದೆ. ಅಮ್ಮ ಉಳಿದಿದ್ದ ಒಂದು ಕಡುಬು ತಗೊಂಡು, ಪಾಪ ಅದಕ್ಕೂ ಹಬ್ಬ ಅಲ್ವಾ ಅಂತ ಹಿತ್ತಲಿಗೆ ಹೋಗಿ, ಬಗ್ಗಿ, ಅವನು ತಿಂತಾ ಇದ್ದ ಬಟ್ಟಲಿಗೇ ಕೈ ಹಾಕಿದಾರೆ. ಊರಲ್ಲಿ ಬೀದಿ ನಾಯಿಗೆ ಅನ್ನ ಹಾಕಿ ಅಭ್ಯಾಸ ಇರೋ ಕೈ ಅದು. ಒಂದೇ ಒಂದು ಸಲ ಕಚ್ಚಿ ಬಿಟ್ಟ. ನಾನು ಓಡೋ ಹೊತ್ತಿಗೆ ಅವರು ಬಲಗೈನ ಸೆರಗಲ್ಲಿ ಒತ್ತಿ ಹಿಡ್ಕೊಂಡು ನಿಂತಿದ್ರು, ಭೀಮ ಗೋಡೆ ಹತ್ರ ಬಾಲ ಮುದುರಿಕೊಂಡು ಕೂತಿದ್ದ, ಕಡುಬು ಹುಲ್ಲಿನ ಮೇಲೆ ಹಾಗೇ ಬಿದ್ದಿತ್ತು. ಕಿರುಬೆರಳು, ಉಂಗುರದ ಬೆರಳು ಇವೆರಡರ ಬುಡದಲ್ಲಿ ಎರಡು ಆಳವಾದ ತೂತು. ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಾಕಿ ಹದಿನೈದು ನಿಮಿಷ ತೊಳೆದ್ವಿ, ಆಮೇಲೆ ಎಮರ್ಜೆನ್ಸಿಗೆ ಹೋದ್ವಿ.

ಡಾಕ್ಟ್ರು ಹೊಲಿಗೆ ಹಾಕಲಿಲ್ಲ. ಕೈಗೆ ಆಗೋ ಇಂಥ ತೂತಿನ ಗಾಯನ ಮುಚ್ಚಿದ್ರೆ ಒಳಗೇ ಕೀವಾಗೋ ಸಾಧ್ಯತೆ ಜಾಸ್ತಿ ಅಂತ ತೆರೆದೇ ಬಿಟ್ಟು ಬ್ಯಾಂಡೇಜ್ ಸುತ್ತಿ, ಟೆಟನಸ್ ಇಂಜೆಕ್ಷನ್ನು, ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ರು. ಅಮ್ಮ ಕೇಳ್ತಾ ಇದ್ದಿದ್ದು ಒಂದೇ, "ರೇಬಿಸ್ ಇಂಜೆಕ್ಷನ್ ಯಾಕೆ ಕೊಡ್ಲಿಲ್ಲ?" ನಮ್ಮೂರಲ್ಲಿ ನಾಯಿ ಹಲ್ಲು ತಾಗ್ತು ಅಂದ್ರೆ ಮೊದಲು ಮಾಡೋ ಕೆಲಸ ಅದು, ಮಾಡ್ಲೇಬೇಕಾದ್ದೂ ಹೌದು. ಇಲ್ಲಿ ಭೀಮನ ರೇಬಿಸ್ ಲಸಿಕೆ ಸರ್ಟಿಫಿಕೇಟ್ ಇತ್ತು, ನಾಯಿನ 10 ದಿನ ಗಮನಿಸಿ, ಅದು ಆರೋಗ್ಯವಾಗೇ ಇದ್ರೆ ಕಚ್ಚಿದ ಹೊತ್ತಲ್ಲಿ ಅದರ ಜೊಲ್ಲಲ್ಲಿ ರೇಬಿಸ್ ಇರ್ಲಿಲ್ಲ ಅಂತ ಅರ್ಥ. ಅದನ್ನ ಡಾಕ್ಟ್ರು ಎರಡು ಸಲ ಬಿಡಿಸಿ ಹೇಳಿದ್ರು, ಆದ್ರೂ ಅಮ್ಮ ಆ ಹತ್ತು ದಿನ ಬೆಳಗಾದ್ರೆ ಮಗನ ಕೈಲಿ ಫೋನ್ ಮಾಡಿಸಿ "ನಾಯಿ ತಿಂತಾ, ನೀರು ಕುಡೀತಾ" ಅಂತ ಕೇಳೋರು. ಆಸ್ಪತ್ರೆಯವರು ರಿಪೋರ್ಟ್ ಮಾಡ್ಲೇಬೇಕು, ಅದು ಇಲ್ಲಿನ ನಿಯಮ, ಮಾರನೇ ದಿನ ಆ್ಯನಿಮಲ್ ಕಂಟ್ರೋಲ್ ಆಫೀಸರ್ ಬಂದು ಸರ್ಟಿಫಿಕೇಟ್ ನೋಡಿ ಮನೇಲೇ ಕ್ವಾರಂಟೀನ್ ಅಂತ ಬರ್ಕೊಂಡು ಹೋದ್ರು.

ಇಷ್ಟಾದ್ರೂ ಇನ್ಶೂರೆನ್ಸ್ ಅನ್ನೋದು ನನ್ನ ತಲೆಗೇ ಬಂದಿರ್ಲಿಲ್ಲ. ಆಸ್ಪತ್ರೆ ಬಾಗಿಲಲ್ಲೇ ಗೆಳೆಯನಿಗೆ ಹೇಳ್ಬಿಟ್ಟಿದ್ದೆ, "ಒಂದು ಪೈಸೆ ನೀನು ಕೊಡ್ಬೇಡ, ಎಲ್ಲಾ ನಾನು ನೋಡ್ಕೋತೀನಿ" ಅಂತ. ನಮ್ಮ ಮನೆಗೆ ಊಟಕ್ಕೆ ಬಂದೋರು, ನಮ್ಮ ನಾಯಿ ಕಚ್ಚಿದೆ, ಬೇರೆ ಏನು ಹೇಳೋಕಾಗುತ್ತೆ. ಆದ್ರೆ ಸೋಮವಾರ ರಾತ್ರಿ ಅಮ್ಮನ ಕೈ ಮೊಣಕೈವರೆಗೆ ಕೆಂಪಾಗಿ ಊದಿಕೊಂಡು ಜ್ವರ ಬಂತು, ಅಡ್ಮಿಟ್ ಮಾಡಿ ಎರಡು ರಾತ್ರಿ ಡ್ರಿಪ್ಪಲ್ಲಿ ಆ್ಯಂಟಿಬಯಾಟಿಕ್ ಕೊಟ್ರು, ಹ್ಯಾಂಡ್ ಸರ್ಜನ್ ಬಂದು ಗಾಯ ಬಿಡಿಸಿ ತೊಳೆದ್ರು. ಬಿಲ್ಲುಗಳು ಒಂದಾದ ಮೇಲೊಂದು ಬಂದು ಎಲ್ಲಾ ಸೇರಿ 31 ಸಾವಿರ ಡಾಲರ್ ದಾಟ್ತು. ಗೆಳೆಯ ಅಮ್ಮನಿಗೆ ವಿಸಿಟರ್ ಇನ್ಶೂರೆನ್ಸ್ ತಗೊಂಡಿದ್ದ, ಅದು ಒಂದೊಂದಕ್ಕೆ ಇಷ್ಟಿಷ್ಟೇ ಅಂತ ಮಿತಿ ಹಾಕಿರೋ ಅಗ್ಗದ ಪ್ಲಾನು, ಎಮರ್ಜೆನ್ಸಿ ರೂಮಿಗೆ 330 ಡಾಲರ್ ಅಂತ ಬರೆದಿತ್ತು. ಅಪ್ಪ ಅಮ್ಮನ್ನ ಕರೆಸಿಕೊಳ್ಳೋರು ದಯವಿಟ್ಟು ಆ ಬ್ರೋಷರಿನ ಎರಡನೇ ಪುಟ ಓದಿ, ಮೊದಲ ಪುಟದಲ್ಲಿರೋ 50 ಸಾವಿರ ಡಾಲರ್ ಅನ್ನೋ ಒಟ್ಟು ಮೊತ್ತನ ನಂಬಿ ಕೂರಬೇಡಿ.

ಆಮೇಲೆ ನನ್ನ ಹೆಂಡತಿನೇ ಮನೆ ಇನ್ಶೂರೆನ್ಸ್ ಪಾಲಿಸಿ ತೆಗೆದು ಡೈನಿಂಗ್ ಟೇಬಲ್ ಮೇಲೆ ಹರಡಿದ್ಲು. ಒಂಬತ್ತು ವರ್ಷದಿಂದ ಪ್ರೀಮಿಯಂ ಕಟ್ತಾ ಇದ್ದೀವಿ, ಬೆಂಕಿಗೆ, ಕಳ್ಳತನಕ್ಕೆ ಅಂದ್ಕೊಂಡು. ಅದರಲ್ಲಿ ಎರಡನೇ ಭಾಗ ಅಂತಲೇ ಒಂದಿದೆ, ನಮ್ಮಿಂದ ಬೇರೆಯವರಿಗೆ ಪೆಟ್ಟಾದ್ರೆ ಅಂತ. ಕವರೇಜ್ ಎಫ್ ಅನ್ನೋದು ತಪ್ಪು ಯಾರದ್ದು ಅಂತ ಕೇಳದೇ ಮನೆಗೆ ಬಂದೋರ ಆಸ್ಪತ್ರೆ ಖರ್ಚು ಕೊಡುತ್ತೆ, ನಮ್ಮದರಲ್ಲಿ 5 ಸಾವಿರದವರೆಗೆ ಇತ್ತು. ಕವರೇಜ್ ಇ ಅನ್ನೋದು ಲಯಬಿಲಿಟಿ, ನಾವು ಕಾನೂನು ಪ್ರಕಾರ ಹೊಣೆ ಆದಾಗ ಕೊಡೋದು, ಅದು 3 ಲಕ್ಷ ಡಾಲರ್. ಡಿಡಕ್ಟಿಬಲ್, ಅಂದ್ರೆ ಮೊದಲು ನಮ್ಮ ಜೇಬಿಂದ ಹಾಕ್ಬೇಕಾದ ಪಾಲು, ಅದಕ್ಕೆ ಇಲ್ಲ. ಕೇಸ್ ಹಾಕಿದ್ರೆ ವಕೀಲರನ್ನೂ ಕಂಪನಿನೇ ಇಡುತ್ತೆ. ಆದ್ರೆ ಮನೆಯವರಿಗೇ ಕಚ್ಚಿದ್ರೆ ಇದ್ಯಾವುದೂ ಬರಲ್ಲ, ನನ್ನ ಮಗಳಿಗೆ ಕಚ್ಚಿದ್ದಿದ್ರೆ ನಮ್ಮ ಹೆಲ್ತ್ ಇನ್ಶೂರೆನ್ಸೇ ಗತಿ.

ಅದೇ ಪಾಲಿಸೀಲಿ ಇನ್ನೊಂದು ಸಾಲು ಇತ್ತು, ಅದನ್ನ ಓದಿ ನನಗೆ ಎದೆ ಧಸಕ್ ಅಂತು. ಫಸ್ಟ್ ಏಡ್ ಬಿಟ್ಟು ಬೇರೆ ಯಾವ ಖರ್ಚನ್ನೂ ಕಂಪನಿಗೆ ಹೇಳದೇ ನೀವಾಗೇ ಕೊಡ್ತೀನಿ ಅಂತ ಒಪ್ಕೋಬಾರದು, ಒಪ್ಕೊಂಡ್ರೆ ಅದು ನಿಮ್ಮ ಜೇಬಿಂದ. ಆಸ್ಪತ್ರೆ ಬಾಗಿಲಲ್ಲಿ ನಾನು ಮಾಡಿದ್ದೇ ಅದು. ನಮ್ಮಲ್ಲಿ ಮರ್ಯಾದಸ್ಥರು ಆಡೋ ಮೊದಲ ಮಾತೇ ಅದು, ಇಲ್ಲಿ ಅದು ತೊಡಕು. ಪುಣ್ಯಕ್ಕೆ ದುಡ್ಡು ಇನ್ನೂ ಕೊಟ್ಟಿರ್ಲಿಲ್ಲ, ಬುಧವಾರ ಕಂಪನಿಗೆ ಫೋನ್ ಮಾಡಿ ನಡೆದಿದ್ದು ನಡೆದ ಹಾಗೆ ಹೇಳಿದೆ.

ನಡೆದ ಹಾಗೆ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಹಿಂದಿನ ರಾತ್ರಿ ಒಬ್ಬ ಪರಿಚಯದವರು "ಬೇಲಿ ತಂತಿ ಚುಚ್ಚಿಕೊಳ್ತು ಅಂತ ಹೇಳ್ಬಿಡಿ, ನಾಯಿ ಅಂದ್ರೆ ಪಾಲಿಸಿ ಹೋಗುತ್ತೆ" ಅಂದಿದ್ರು. ಆಸ್ಪತ್ರೆ ರಿಪೋರ್ಟಲ್ಲಿ ನಾಯಿ ಅಂತಿದೆ, ಆ್ಯನಿಮಲ್ ಕಂಟ್ರೋಲ್ ರೆಕಾರ್ಡಲ್ಲಿ ನಾಯಿ ಅಂತಿದೆ, ಅದೆಲ್ಲಾ ಇರ್ಲಿ, ಆ ಅಮ್ಮನ ಕೈಯಲ್ಲಿ ಹಲ್ಲಿನ ಗುರುತಿದೆ. ಸುಳ್ಳು ಹೇಳಿದ್ರೆ ಪಾಲಿಸಿನೇ ರದ್ದು ಮಾಡೋ ಹಕ್ಕು ಅವರಿಗಿರುತ್ತೆ, ಆಗ ಅಮ್ಮನಿಗೆ ಸಿಗಬೇಕಾದ್ದೂ ಹೋಗ್ತಿತ್ತು.

ಕಂಪನಿ ಕಡೆಯಿಂದ ಕ್ಲೇಮ್ ವಿಚಾರಿಸೋ ಆ್ಯಡ್ಜಸ್ಟರ್, ಒಬ್ಬ ಮಹಿಳೆ, ಫೋನ್ ಮಾಡಿ ನನ್ನ ಹೇಳಿಕೆ ರೆಕಾರ್ಡ್ ಮಾಡ್ಕೊಂಡ್ರು. ನಾನು ಹಿಂದೆ ಯಾವತ್ತೂ ಕಚ್ಚಿಲ್ಲ, ಯಾವತ್ತೂ ಕಚ್ಚಿಲ್ಲ ಅಂತ ಹೇಳ್ತಾನೇ ಇದ್ದೆ, ಅವರು ಸಮಾಧಾನವಾಗಿ ಕ್ಯಾಲಿಫೋರ್ನಿಯಾದಲ್ಲಿ ಅದು ಲೆಕ್ಕಕ್ಕೆ ಬರಲ್ಲ ಅಂದ್ರು. ಸಿವಿಲ್ ಕೋಡ್‌ನ 3342ನೇ ಸೆಕ್ಷನ್, ನಾಯಿ ಮೊದಲ ಸಲ ಕಚ್ಚಿದ್ರೂ, ಅದು ಕಚ್ಚುತ್ತೆ ಅಂತ ಒಡೆಯನಿಗೆ ಗೊತ್ತೇ ಇಲ್ಲದಿದ್ರೂ ಒಡೆಯನೇ ಹೊಣೆ, ಕಚ್ಚಿಸಿಕೊಂಡೋರು ರಸ್ತೇಲಿರ್ಲಿ, ನ್ಯಾಯವಾಗಿ ನಮ್ಮ ಮನೆಯೊಳಗೆ ಬಂದಿರ್ಲಿ. ಟೆಕ್ಸಾಸ್‌ನಂಥ ಕಡೆ ನಾಯಿಯ ಗುಣ ಒಡೆಯನಿಗೆ ಮೊದಲೇ ಗೊತ್ತಿತ್ತಾ ಅನ್ನೋ ವಾದ ನಡೆಯುತ್ತೆ, ಇಲ್ಲಿ ಇಲ್ಲ. ಅಮೆರಿಕದಲ್ಲಿ ಆ ಒಂದೇ ವರ್ಷ ಇಂಥ 19 ಸಾವಿರ ಕ್ಲೇಮುಗಳಿಗೆ ಮನೆ ಇನ್ಶೂರೆನ್ಸ್ ಕಂಪನಿಗಳು 110 ಕೋಟಿ ಡಾಲರ್ ಮೇಲೆ ಕೊಟ್ಟಿದಾವೆ ಅಂತ ಆಮೇಲೆ ಓದಿದೆ.

ಕಷ್ಟ ಆಗಿದ್ದು ಗೆಳೆಯನ ಮನೇಲಿ. ಲಯಬಿಲಿಟಿ ದುಡ್ಡು ಬರಬೇಕು ಅಂದ್ರೆ ಅಮ್ಮ ನನ್ನ ವಿರುದ್ಧ ಕ್ಲೇಮ್ ಮಾಡ್ಬೇಕು. "ಉಂಡ ಮನೆ ಮೇಲೆ ದೂರು ಕೊಡಬೇಕಾ? ಕೊಡಲ್ಲ" ಅಂತ ಅಮ್ಮ ಹಠ ಹಿಡಿದ್ರು, ಗೆಳೆಯನೂ ನನ್ನ ಮುಖ ನೋಡ್ತಾ ಇರ್ಲಿಲ್ಲ. ನಾನೇ ಹೋಗಿ ಅವರ ಮುಂದೆ ನೆಲದ ಮೇಲೆ ಕೂತು ಹೇಳಿದೆ, ಅಮ್ಮ ಇದು ದೂರಲ್ಲ, ನಾನು ಒಂಬತ್ತು ವರ್ಷ ಇದಕ್ಕೇ ಅಂತ ದುಡ್ಡು ಕಟ್ಟಿದೀನಿ, ನೀವು ಕೇಳದಿದ್ರೆ ನಿಮ್ಮ ಮಗ ಕಟ್ಬೇಕು, ಇಲ್ಲ ನಾನು ಸಾಲ ಮಾಡ್ಬೇಕು. ಅವರು ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ ಕಾಫಿ ಕುಡೀತೀಯಾ ಅಂದ್ರು.

ಡಿಸೆಂಬರಲ್ಲಿ ಬಿಲ್ಲುಗಳೆಲ್ಲಾ ತೀರಿ, ಮುಂದಿನ ಫಿಸಿಯೋಥೆರಪಿಗೂ ನೋವಿಗೂ ಅಂತ ಸ್ವಲ್ಪ ದುಡ್ಡು ಸೇರಿ ಸೆಟ್ಲ್ ಆಯ್ತು. ಇದಕ್ಕೆ ಮುಂದೆ ಇನ್ನೇನೂ ಕೇಳಲ್ಲ ಅನ್ನೋ ರಿಲೀಸ್ ಪೇಪರಿಗೆ ಸಹಿ ಹಾಕೋಕೆ ಮುಂಚೆ ಅಮ್ಮ ಮಗನ ಕೈಲಿ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡ್ರು. ಬಲಗೈಲೇ ಬರೀತೀನಿ ಅಂತ ಪೆನ್ನನ್ನ ಮೂರು ಬೆರಳಲ್ಲಿ ಹಿಡಿದು, ಉಳಿದೆರಡು ಬೆರಳು ಸೆಟೆದು ಆಚೆ ನಿಂತಿದ್ವು, ಒಂದೊಂದೇ ಅಕ್ಷರ ಕನ್ನಡದಲ್ಲೇ ಸಹಿ ಹಾಕಿದ್ರು.

ನಮಗೆ ಮುಂದಿನ ವರ್ಷ ರಿನ್ಯೂ ಮಾಡಲ್ಲ ಅಂತ ನೋಟೀಸು ಬಂತು, ಇಲ್ಲಿ 75 ದಿನ ಮುಂಚೆ ಹೇಳ್ಬೇಕು, ಹೇಳಿದ್ರು. ನನಗೆ ಕೋಪ ಬಂದಿದ್ದು ನಿಜ, ಒಂಬತ್ತು ವರ್ಷದಲ್ಲಿ ಒಂದೇ ಕ್ಲೇಮು. ಹೊಸ ಕಂಪನಿಗಳ ಫಾರ್ಮಲ್ಲಿ ನಾಯಿ ಇದೆಯಾ, ಯಾವ ತಳಿ, ಕಚ್ಚಿದೆಯಾ ಅಂತ ಕೇಳ್ತಾರೆ, ನ್ಯೂಯಾರ್ಕ್, ನೆವಾಡಾಗಳಲ್ಲಿ ತಳಿ ನೋಡಿ ಪಾಲಿಸಿ ನಿರಾಕರಿಸಬಾರದು ಅಂತ ಕಾನೂನಿದೆ, ಆದ್ರೆ ಕಚ್ಚಿದ ನಾಯಿಯ ಮಾತೇ ಬೇರೆ. ಹೌದು ಅಂತಲೇ ಬರೆದೆ. ಕೊನೆಗೆ ಒಂದು ಸಿಕ್ತು, ನಾಯಿಯಿಂದ ಆದದ್ದಕ್ಕೆ ಕೊಡಲ್ಲ ಅನ್ನೋ ಷರತ್ತಿನ ಮೇಲೆ, ಅದಕ್ಕೆ ಭೀಮನ ಹೆಸರಲ್ಲೇ ಬೇರೆ ಲಯಬಿಲಿಟಿ ಪಾಲಿಸಿ ತಗೊಂಡೆ. ಬೆಂಕಿ ಭಯದ ಗುಡ್ಡದ ಕಡೆ ಮನೆ ಇದ್ದು, ಬೇರೆ ಕಂಪನಿಗಳು ಪಾಲಿಸಿ ಕೊಡದಿದ್ದಾಗ ಇಲ್ಲಿ ಕೊನೆಗೆ ಸಿಗೋ ಫೇರ್ ಪ್ಲಾನ್ ಒಂದೇ ಇಟ್ಕೊಂಡಿರೋರು ಇದನ್ನ ಗಮನಿಸಬೇಕು, ಅದರಲ್ಲಿ ಲಯಬಿಲಿಟಿ ಇಲ್ಲವೇ ಇಲ್ಲ, ನಿಮ್ಮ ನಾಯಿ ಕಚ್ಚಿದ್ರೆ ಪೂರ್ತಿ ನಿಮ್ಮ ತಲೆ ಮೇಲೆ.

ಈಗ ಯಾರಾದ್ರೂ ಬರ್ತಾರೆ ಅಂದ್ರೆ ಭೀಮ ಮೇಲಿನ ರೂಮಲ್ಲಿ, ಊಟನೂ ಅಲ್ಲೇ, ಬಾಗಿಲು ಹಾಕಿ. ಅಮ್ಮ ಹಾಸನದಲ್ಲಿ ದಿನಾ ಬೆಳಿಗ್ಗೆ ಮೆತ್ತನೆ ರಬ್ಬರ್ ಚೆಂಡು ಹಿಚುಕ್ತಾರಂತೆ. ಕಳೆದ ಸಲ ವಿಡಿಯೋ ಕಾಲಲ್ಲಿ ಕೈ ಕ್ಯಾಮೆರಾಗೆ ಹಿಡಿದು ಮುಷ್ಟಿ ಕಟ್ಟಿ ತೋರಿಸಿದ್ರು, ಉಂಗುರದ ಬೆರಳು ಪೂರ್ತಿ ಮಡಚುತ್ತೆ, ಕಿರುಬೆರಳು ಇನ್ನೂ ಅಂಗೈ ಮುಟ್ಟಿಲ್ಲ.