ನಡಿಗೆ, ನಾಳ ಮತ್ತು ನನ್ನ ಬಿಪಿ ಮಾತ್ರೆ

ನಾಲ್ಕು ವರ್ಷಗಳ ಹಿಂದೆ ನನ್ನ ರಕ್ತದೊತ್ತಡ 150/96ರ ಆಸುಪಾಸಿನಲ್ಲಿ ನೆಲೆನಿಂತಾಗ, ವೈದ್ಯರು ಒಂದು ಮಾತ್ರೆ ಬರೆದು ಅದರ ಕೆಳಗೆ ‘ದಿನಾ ಅರ್ಧ ಗಂಟೆ ವಾಕಿಂಗ್’ ಎಂದೂ ಸೇರಿಸಿದರು. ಮಾತ್ರೆ ಏನು ಮಾಡುತ್ತದೆಂದು ಅವರು ಹೇಳಿದರು. ವಾಕಿಂಗ್ ಏನು ಮಾಡುತ್ತದೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ತೂಕ ಇಳಿದರೆ ಬಿಪಿ ಇಳಿಯುತ್ತದೆ ಎಂದಷ್ಟೇ ತಿಳಿದಿದ್ದೆ. ಅದು ಸುಳ್ಳಲ್ಲ. ಆದರೆ ಎರಡು ಕಿಲೋ ಕೂಡ ಕರಗದೆ ಒತ್ತಡ ಇಳಿಯತೊಡಗಿದಾಗ, ಮಾತ್ರೆಯ ಜೊತೆಗೆ ನಡಿಗೆಯ ಪಾಲೂ ಇದರಲ್ಲಿ ಎಷ್ಟಿರಬಹುದೆಂಬ ಕುತೂಹಲದಿಂದ ಓದಲು ಕುಳಿತೆ.

ರಕ್ತನಾಳವನ್ನು ನಾವೆಲ್ಲ ನೀರಿನ ಪೈಪಿಗೆ ಹೋಲಿಸುತ್ತೇವೆ. ಲೆಕ್ಕದ ಮಟ್ಟಿಗೆ ಆ ಹೋಲಿಕೆ ಒಳ್ಳೆಯದೇ: ಕೊಳವೆಯ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಹರಿವಿನ ಪ್ರತಿರೋಧ ಬದಲಾಗುತ್ತದೆಂದು 19ನೇ ಶತಮಾನದ ಫ್ರೆಂಚ್ ವೈದ್ಯ ಪ್ವಾಸೇಯ್ ತೋರಿಸಿದ್ದರಿಂದ, ನಾಳದ ತ್ರಿಜ್ಯ ಶೇ. 10ರಷ್ಟು ಹಿಗ್ಗಿದರೂ ಪ್ರತಿರೋಧ ಮೂರರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಆದರೆ ಪೈಪಿಗೆ ತನ್ನೊಳಗೆ ಹರಿಯುವುದರ ಅರಿವಿಲ್ಲ. ನಾಳಕ್ಕಿದೆ.

ಆ ಅರಿವು ಇರುವುದು ಒಂದೇ ಕೋಶದಷ್ಟು ದಪ್ಪದ ಒಳಪೊರೆಯಲ್ಲಿ, ಅಂದರೆ ಎಂಡೋಥೀಲಿಯಂನಲ್ಲಿ. ಇದು ಗೊತ್ತಾದದ್ದು ಪ್ರಯೋಗಾಲಯದ ಒಂದು ಎಡವಟ್ಟಿನಿಂದ ಎಂಬುದು ನನಗೆ ಬಹಳ ಹಿಡಿಸಿತು. ನ್ಯೂಯಾರ್ಕಿನ ಔಷಧವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡುಗಳ ಮೇಲೆ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹಾಕಿದಾಗಲೆಲ್ಲ ಅವು ಬಿಗಿಯುತ್ತಿದ್ದವು. ಜೀವಂತ ದೇಹದಲ್ಲಾದರೆ ಅದೇ ವಸ್ತು ನಾಳಗಳನ್ನು ಹಿಗ್ಗಿಸುತ್ತದೆ. ತುಂಡುಗಳನ್ನು ಸಿದ್ಧಪಡಿಸುವಾಗ ಕೈ ತಾಗಿ ಒಳಪೊರೆ ಉಜ್ಜಿಹೋಗುತ್ತಿದ್ದುದೇ ಕಾರಣವೆಂದು ಕೊನೆಗೆ ತಿಳಿಯಿತು. 1980ರಲ್ಲಿ ಅವರು ಇದನ್ನು ಪ್ರಕಟಿಸಿದರು. ನಾಳವನ್ನು ಹಿಗ್ಗಿಸಲು ಒಳಪೊರೆಯೇ ಹೊರಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಅನಿಲವೆಂಬುದು ಆಮೇಲೆ ಖಚಿತವಾಯಿತು. 1998ರ ನೊಬೆಲ್ ಅವರಿಗೂ, ಇದೇ ಅನಿಲದ ಮೇಲೆ ಕೆಲಸ ಮಾಡಿದ ಇಗ್ನಾರೊ, ಮುರಾದ್ ಅವರಿಗೂ ಸಂದಿತು.

ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ನೂಕುವ ಹೃದಯ, ಚುರುಕಾಗಿ ನಡೆಯುವಾಗ ಅದರ ಎರಡು ಪಟ್ಟು ನೂಕಬಲ್ಲದು. ಆ ಹರಿವು ಒಳಪೊರೆಯನ್ನು ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಗೆ ಓಗೊಟ್ಟು ಕೋಶಗಳು ನೈಟ್ರಿಕ್ ಆಕ್ಸೈಡ್ ಸ್ರವಿಸುತ್ತವೆ, ಸುತ್ತಲಿನ ಸ್ನಾಯು ಸಡಿಲಗೊಳ್ಳುತ್ತದೆ. ವಾರಗಟ್ಟಲೆ ಹೀಗಾಗುತ್ತಿದ್ದರೆ ಅದನ್ನು ತಯಾರಿಸುವ ಕಿಣ್ವವೂ ಹೆಚ್ಚುತ್ತದೆ. ಕಾಲಿಗೆ ಕೆಲಸ ಕೊಟ್ಟರೂ ತೋಳಿನ ಅಪಧಮನಿಯ ಹಿಗ್ಗುವ ಶಕ್ತಿ ಸುಧಾರಿಸುತ್ತದೆ. ಇದರ ಜೊತೆಗೆ, ನಾಳಗಳನ್ನು ಬಿಗಿಹಿಡಿಯುವ ನರಗಳ ಒತ್ತಾಯವೂ ಕುಗ್ಗುತ್ತದೆ.

ಇನ್ನೂ ದೀರ್ಘಕಾಲ ನಡೆದರೆ ನಾಳದ ಅಳತೆಯೇ ಬದಲಾಗಬಹುದು. ಬಾಸ್ಟನ್ ಮ್ಯಾರಥಾನನ್ನು ಏಳು ಬಾರಿ ಗೆದ್ದ ಕ್ಲಾರೆನ್ಸ್ ಡಿಮಾರ್ ಅವರಿಗೆ ಹೃದಯದಲ್ಲಿ ಮರ್ಮರ ಶಬ್ದವಿದೆ, ಓಟ ಬಿಡುವುದು ಒಳ್ಳೆಯದೆಂಬ ಎಚ್ಚರಿಕೆ ಯೌವನದಲ್ಲೇ ಬಂದಿತ್ತು. ಅವರು ಬಿಡಲಿಲ್ಲ. 1958ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ನಡೆದ ಶವಪರೀಕ್ಷೆಯಲ್ಲಿ ಅವರ ಹೃದಯದ ಅಪಧಮನಿಗಳು ಸಾಮಾನ್ಯಕ್ಕಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು. ಹುಟ್ಟಿನಿಂದಲೇ ಹಾಗಿದ್ದಿರಲೂಬಹುದು, ಒಬ್ಬನ ಶವಪರೀಕ್ಷೆ ಸಾಕ್ಷ್ಯವಾಗದು. ಅದಕ್ಕಿಂತ ನನ್ನನ್ನು ಕಾಡಿದ್ದು 1986ರಲ್ಲಿ ಪ್ರಕಟವಾದ ಮೊಲಗಳ ಪ್ರಯೋಗ: ಕತ್ತಿನ ಅಪಧಮನಿಯಲ್ಲಿ ಹರಿವನ್ನು ತಗ್ಗಿಸಿದಾಗ ನಾಳವೇ ಕಿರಿದಾಯಿತು, ಒಳಪೊರೆ ತೆಗೆದ ನಾಳ ಮಾತ್ರ ಹಾಗೆ ಕಿರಿದಾಗಲಿಲ್ಲ. ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವವನು ಓದಬೇಕಾದದ್ದು ಇದನ್ನು.

ಎಷ್ಟು ಇಳಿಯುತ್ತದೆ? 270 ಪ್ರಯೋಗಗಳನ್ನು ಒಟ್ಟುಗೂಡಿಸಿದ 2023ರ ಒಂದು ವಿಶ್ಲೇಷಣೆಯ ಪ್ರಕಾರ, ನಡಿಗೆ, ಓಟ, ಸೈಕಲ್‌ನಂಥ ವ್ಯಾಯಾಮದಿಂದ ಮೇಲಿನ ಸಂಖ್ಯೆ ಸರಾಸರಿ 4.5ರಷ್ಟು, ಅಲುಗದೆ ಬಿಗಿಹಿಡಿಯುವ ವ್ಯಾಯಾಮದಿಂದ ಸುಮಾರು 8ರಷ್ಟು ಇಳಿಯುತ್ತದೆ. ಈ ಎರಡನೆಯದರಲ್ಲಿ ಪ್ರಮುಖವಾದದ್ದು, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಎರಡು ನಿಮಿಷ ಕುಳಿತಿರುವುದು. ಶಾಲೆಯಲ್ಲಿ ಲೆಕ್ಕ ತಪ್ಪಿದಾಗ ನಮ್ಮ ಮೇಷ್ಟ್ರು ಕೊಡುತ್ತಿದ್ದ ಶಿಕ್ಷೆಯೂ ಇದೇ ಆಗಿತ್ತು! ಬಿಗಿದ ಸ್ನಾಯು ರಕ್ತವನ್ನು ತಡೆದು, ಸಡಿಲಿಸಿದಾಗ ಅದು ನುಗ್ಗಿ ಬರುವುದರಿಂದ ಒಳಪೊರೆಗೆ ಅದೇ ಸವರುವಿಕೆ ದೊರೆಯುತ್ತದೆಂಬುದು ಒಂದು ವಿವರಣೆ. ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇರೆಯೇ ಮಾತು: 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡೂ ಕಾಲುಗಳಿಂದ ಭಾರ ತಳ್ಳುತ್ತಿದ್ದ ದೇಹದಾರ್ಢ್ಯಪಟುಗಳ ಅಪಧಮನಿಯೊಳಗೆ ಅಳೆದ ಒತ್ತಡ ಸರಾಸರಿ 320/250 ಮುಟ್ಟಿತ್ತು. ಒತ್ತಡ ಹತೋಟಿಗೆ ಬಾರದವರು ವೈದ್ಯರನ್ನು ಕೇಳದೆ ಅದರ ತಂಟೆಗೆ ಹೋಗಬಾರದು.

ಒಮ್ಮೆ ನಡೆದು ಬಂದ ಮೇಲೆ ಹಲವು ಗಂಟೆಗಳ ಕಾಲ ಒತ್ತಡ ಕೆಳಗೇ ಇರುತ್ತದೆ. ಮೊದಮೊದಲು ನಾನು ಆ ಹೊತ್ತಿನಲ್ಲೇ ಅಳೆದು ಬೀಗುತ್ತಿದ್ದೆ. ಈಗ ಬೆಳಗ್ಗೆ, ಮಾತ್ರೆಗೂ ನಡಿಗೆಗೂ ಮೊದಲು ಅಳೆಯುತ್ತೇನೆ. ಕಳೆದ ವರ್ಷ ಚಿಕೂನ್‌ಗುನ್ಯಾ ಬಂದು ಆರು ವಾರ ನಡೆಯಲಾಗದಿದ್ದಾಗ ಸಂಖ್ಯೆ ಮೆಲ್ಲಗೆ ಮೇಲೇರಿತು, ಮತ್ತೆ ಇಳಿಯಲು ಎರಡು ತಿಂಗಳು ಹಿಡಿಯಿತು. ಮಾತ್ರೆಯ ಪ್ರಮಾಣವನ್ನು ವೈದ್ಯರು ಅರ್ಧಕ್ಕೆ ಇಳಿಸಿದ್ದಾರೆ. ಪೂರ್ತಿ ನಿಲ್ಲಿಸುವ ಮಾತು ಮಾತ್ರ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.