ಚಿಕೊ ಊರಿನ ರಾಬಿನ್ ಹುಡ್ ಕಾಡು

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆ ಕಾರು ಓಡಿಸಿದರೆ ಚಿಕೊ ಎಂಬ ಊರು ಸಿಗುತ್ತದೆ. ಮೊನ್ನೆ ಭಾನುವಾರ ಅಲ್ಲಿನ ಬಿಡ್‌ವೆಲ್ ಪಾರ್ಕಿನಲ್ಲಿ, ಹಳ್ಳದ ದಡದಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಸುತ್ತ ಓಕ್ ಮರಗಳು, ಕೊಂಬೆಗಳಿಗೆ ಹಬ್ಬಿದ ಕಾಡುದ್ರಾಕ್ಷಿ ಬಳ್ಳಿ. "ಪುಟ್ಟಿ, ರಾಬಿನ್ ಹುಡ್ ಇದ್ದಿದ್ದು ಇಲ್ಲೇ" ಅಂದೆ. ಮಗಳು ನಂಬಲಿಲ್ಲ.

ರಾಬಿನ್ ಹುಡ್ ಕಥೆಯಲ್ಲಿ ಬರುವ ಇಂಗ್ಲೆಂಡಿನ ಶೆರ್ವುಡ್ ಕಾಡು ಬೇಕಾದಾಗ ಹಾಲಿವುಡ್ ಸಿನಿಮಾ ಕಂಪನಿ ವಾರ್ನರ್ ಬ್ರದರ್ಸ್‌ನವರು 1937ರಲ್ಲಿ ಚಿತ್ರೀಕರಣಕ್ಕೆ ಬಂದದ್ದು ಈ ಪಾರ್ಕಿಗೆ. 'ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್' 1938ರಲ್ಲಿ ತೆರೆ ಕಂಡಿತು. ಎರಾಲ್ ಫ್ಲಿನ್ ರಾಬಿನ್ ಆಗಿದ್ದರು. ಎಲೆ ಉದುರುವ ಕಾಲ ಶುರುವಾಗಿತ್ತು, ಹುಲ್ಲು ಒಣಗಿತ್ತು. ಹುಲ್ಲಿಗೇ ಹಸಿರು ಬಣ್ಣ ಬಳಿದರಂತೆ! ಅದು ಟೆಕ್ನಿಕಲರ್ ಎಂಬ ವಿಧಾನದಲ್ಲಿ ತೆಗೆದ ಬಣ್ಣದ ಚಿತ್ರ. ಕ್ಯಾಮೆರಾದೊಳಗೆ ಒಟ್ಟಿಗೆ ಮೂರು ರೀಲು ಓಡುತ್ತಿದ್ದವು, ಬಣ್ಣದ ಒಂದೊಂದು ಪಾಲಿಗೆ ಒಂದೊಂದು.

ನನ್ನ ಮನಸ್ಸಿನಲ್ಲಿ ಉಳಿದದ್ದು ಬಾಣಗಳು. ಬಿಲ್ಲುಗಾರ ಹೊವರ್ಡ್ ಹಿಲ್ ನಿಜವಾದ ಬಾಣಗಳನ್ನೇ ಮನುಷ್ಯರ ಮೇಲೆ ಬಿಡುತ್ತಿದ್ದರು. ಸ್ಟಂಟ್‌ನವರ ಅಂಗಿಯೊಳಗೆ ಉಕ್ಕಿನ ತಗಡು, ಅದರ ಮೇಲೆ ಬಾಲ್ಸಾ ಎಂಬ ಹಗುರ ಮರದ ಹಲಗೆ. ಬಾಣ ಹಲಗೆಗೆ ನಾಟಿ ನಿಲ್ಲಬೇಕು, ತಗಡು ಅದನ್ನು ತಡೆಯಬೇಕು. ತಗಡು ಇರುವುದು ಎದೆಗೆ ಮಾತ್ರ, ಕುತ್ತಿಗೆಗಲ್ಲ. ಒಂದು ಬಾಣಕ್ಕೆ 150 ಡಾಲರ್ ಕೊಡುತ್ತಿದ್ದರಂತೆ. ಆ ಕಾಲಕ್ಕೆ ದೊಡ್ಡ ದುಡ್ಡೇ. ಆದರೂ ಬಾಣ ಬರುವುದನ್ನು ನೋಡುತ್ತಾ ಅಲುಗಾಡದೆ ನಿಲ್ಲುವುದಕ್ಕೆ, ಬಿಡುವವನ ಕೈ ಮೇಲೆ ಎಷ್ಟು ನಂಬಿಕೆ ಬೇಕು ಅಲ್ವಾ? ನಾಯಕನ ಹೆಸರು ಎಲ್ಲರಿಗೂ ಗೊತ್ತು. ಈ ನಿಂತವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಚಿತ್ರಕ್ಕೆ ಸಂಗೀತ ಕೊಟ್ಟ ಕಾರ್ನ್‌ಗೋಲ್ಡ್ ವಿಯೆನ್ನಾದ ಯಹೂದಿ. ಮೊದಲು ಈ ಕೆಲಸ ಬೇಡ ಅಂದಿದ್ದರು. ಅವರು ಇದೇ ಕೆಲಸಕ್ಕಾಗಿ ಹಾಲಿವುಡ್‌ನಲ್ಲಿ ಇದ್ದಾಗಲೇ, 1938ರ ಮಾರ್ಚ್‌ನಲ್ಲಿ, ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಈ ಚಿತ್ರವೇ ನನ್ನ ಜೀವ ಉಳಿಸಿತು ಅಂತ ಅವರು ಹೇಳುತ್ತಿದ್ದರು. ಆಸ್ಕರ್ ಕೂಡ ಬಂತು. ಅದನ್ನು ಓದಿದ ಮೇಲೆ ಆ ತುತ್ತೂರಿ ದನಿ ಕೇಳಿದರೆ ನನಗೆ ಗಂಟಲು ಕಟ್ಟುತ್ತದೆ.

ಚಿತ್ರದಲ್ಲಿ ಕಾಣುವ ದೊಡ್ಡ ಹೂಕರ್ ಓಕ್ ಈಗಿಲ್ಲ, 1977ರಲ್ಲಿ ಉರುಳಿತು. ಬೇರೆ ಓಕ್‌ಗಳಿವೆ. ಎರಡು ಮರಗಳ ನಡುವೆ ಹೆಜ್ಜೆ ಅಳೆಯುತ್ತಾ ಮಗಳಿಗೆ ಬಾಣದ ಕಥೆ ಹೇಳಿದೆ. ಅವಳು ಓಡಿಹೋಗಿ ಸ್ಟೀಲ್ ಡಬ್ಬಿಯ ಮುಚ್ಚಳ ತಂದಳು. ಎದೆಗೆ ಒತ್ತಿ ಹಿಡಿದು, ಮರಕ್ಕೆ ಒರಗಿ, ಕಣ್ಣು ಮಿಟುಕಿಸದೆ ನಿಂತಳು.